ತೆಂಗಿನ ಸೀಮೆಯ ಮನೆವಾರ್ತೆ

"ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡೀತು" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಗಾದೆಯಲ್ಲಿ ಕೂಡಿಬಂದಿರುವ ಜೋಡಿ ವಿಚಾರಮಾಡತಕ್ಕದ್ದು. ಇಂಗು ಪರದೇಶದ ಸರಕು. ಆಫ್ಘಾನಿಸ್ತಾನ, ಇರಾನುಗಳ ಕಡೆಯಿಂದ ಬೆಟ್ಟ ಕಣಿವೆಗಳನ್ನು ದಾಟಿ ಬರಬೇಕು; ಚಿಟಿಕೆಯಷ್ಟಕ್ಕೂ ಬೆಲೆ ತೆರಬೇಕು. ತೆಂಗಾದರೋ ಹಿತ್ತಿಲಿನ ಪದಾರ್ಥ. ಅದಕ್ಕೂ ಒಂದು ಬೆಲೆಯುಂಟೆಂಬುದು ಅಡುಗೆಮನೆಗೆ ನೆನಪೇ ಇರುತ್ತಿರಲಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಂತೂ ಹುಳಿಗೆ ಕಾಯಿ ರುಬ್ಬುವಾಗ ಲೆಕ್ಕ ನೋಡುವುದು ಮನೆತನದ ಗೌರವಕ್ಕೆ ಕುಂದೆಂದು ಎಣಿಸಿದ ಕಾಲವೊಂದಿತ್ತು. 2025ರಲ್ಲಿ ಅದೇ ಸೀಮೆಯ ಪೇಟೆಗಳಲ್ಲಿ ಕಾಯಿ ಒಡೆದು ಒಂದು ಹೋಳು ಇಂದಿಗೆ, ಇನ್ನೊಂದು ನಾಳಿದ್ದಿಗೆ ಎಂದು ತೆಗೆದಿಡುವ ಗೃಹಿಣಿಯರನ್ನು ಕಂಡೆವು. ಗಾದೆಯಲ್ಲಿ ತೆಂಗು ಇಂಗಿನ ಪಂಕ್ತಿಗೆ ಹೋಗಿ ಕುಳಿತಿತು.

ಬೆಲೆ ಏರಿತೆಂದು ಗೊಣಗುವುದು ಹೊಸ ಸಂಗತಿಯೇನೂ ಅಲ್ಲ. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. 'ಅಗ್ಗ' ಎಂಬುದು ಸಂಸ್ಕೃತದ 'ಅರ್ಘ' ಎಂಬ ಶಬ್ದದ ತದ್ಭವ. ಮೂಲದಲ್ಲಿ ಅದರ ಅರ್ಥ ಬರಿಯ ಬೆಲೆ ಎಂದಷ್ಟೆ. ಕನ್ನಡಿಗನ ಬಾಯಲ್ಲಿ ಅದು ಕಡಿಮೆ ಬೆಲೆ ಎಂಬ ಅರ್ಥಕ್ಕೆ ಇಳಿಯಿತು. ಕೊಳ್ಳುವವನಿಗೆ ನ್ಯಾಯವಾಗಿ ಕಂಡ ಬೆಲೆ ಒಂದೇ, ಅದು ಕಡಿಮೆಯ ಬೆಲೆ ಎಂದು ಇದರಿಂದ ತಿಳಿಯಬಹುದು. ಆದರೆ ಈ ಅಗ್ಗವೆಂಬ ಮಾತು ತೆಂಗು ಬೆಳೆಯುವವನ ಮನೆಗೆ ಹೊಂದುವುದಿಲ್ಲ. ಆತ ಮಾರುವುದು ಒಂದೇ ಪದಾರ್ಥ, ಕೊಳ್ಳುವುದು ನೂರು ಪದಾರ್ಥ. ಕೊಳ್ಳುವಾಗ ಅಗ್ಗವನ್ನೂ ಮಾರುವಾಗ ತುಟ್ಟಿಯನ್ನೂ ಬಯಸುವ ಈ ಇಬ್ಬಂದಿಯಲ್ಲೇ ಆ ಮನೆಯ ಹಣಕಾಸಿನ ಚರಿತ್ರೆಯೆಲ್ಲ ಅಡಗಿದೆ.

ಅರಸರ ಚರಿತ್ರೆಗೆ ಶಾಸನಗಳುಂಟು. ಮನೆವೆಚ್ಚದ ಚರಿತ್ರೆಗೆ ಇರುವುದು ಅಂಗಡಿಯ ಖಾತೆ, ಮದುವೆಯ ಮುಯ್ಯಿನ ಪಟ್ಟಿ, ಅಟ್ಟದ ಮೂಲೆಯಲ್ಲಿ ಗೆದ್ದಲು ಹಿಡಿಯುತ್ತಿರುವ ಜಮಾಖರ್ಚಿನ ಪುಸ್ತಕ. ಅವುಗಳೊಡನೆ ಸರ್ಕಾರದ ವರದಿಗಳನ್ನೂ ಪ್ರವಾಸಿಗಳ ಬರವಣಿಗೆಗಳನ್ನೂ ಸೇರಿಸಿ ನೋಡಿದರೆ, ಏರುವ ಬೆಲೆಯು ಈ ಮೂರು ತಾಲ್ಲೂಕುಗಳ ಸಂಸಾರಗಳ ನಡೆವಳಿಕೆಯನ್ನು ಹೇಗೆ ತಿದ್ದುತ್ತ ಬಂದಿತೆಂಬುದು ತಕ್ಕಮಟ್ಟಿಗೆ ತಿಳಿದುಬರುತ್ತದೆ.

ಈ ಸೀಮೆಯ ತೆಂಗು ಹಳೆಯದು. ಟಿಪ್ಪು ಸುಲ್ತಾನನ ಪತನದ ಮರುವರ್ಷ, ಎಂದರೆ 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ನೋಡಲು ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಚಿಕ್ಕನಾಯಕನಹಳ್ಳಿಯ ಕಡೆಯ ತೆಂಗು ಅಡಕೆಗಳ ತೋಟಗಳನ್ನು ಕಂಡು ಬರೆದಿದ್ದಾನೆ. ಗುಬ್ಬಿಯ ಸಂತೆಯ ವ್ಯಾಪಾರವೂ ಆತನ ಗಮನಕ್ಕೆ ಬಿದ್ದಿತ್ತು. ಆತನ ಪ್ರವಾಸ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮುಂದೆ ಹೊನ್ನವಳ್ಳಿಯ ಗಂಗಾಪಾನಿ ಎಂಬ ತೆಂಗಿನ ಹೆಸರು ಗ್ಯಾಸೆಟಿಯರಿನವರೆಗೂ ಹೋಯಿತು. ಇಂದಿಗೂ ಕೃಷಿಶಾಸ್ತ್ರದ ಪುಸ್ತಕಗಳಲ್ಲಿ ತಿಪಟೂರು ಎತ್ತರದ ತಳಿ ಎಂದೇ ಒಂದು ತೆಂಗಿಗೆ ಹೆಸರುಂಟು.

ಆದರೆ ಈ ಸೀಮೆಯ ಹಣಕಾಸನ್ನು ತಿಳಿಯಬೇಕಾದರೆ ಮರವನ್ನು ಕಂಡರೆ ಸಾಲದು, ಅಟ್ಟವನ್ನು ಹತ್ತಿ ನೋಡಬೇಕು. ಕೇರಳದಲ್ಲಿ ಕಾಯಿ ಒಡೆದು, ಹೋಳುಗಳನ್ನು ಬಿಸಿಲಿಗೆ ಹರವಿ, ಗಾಣಕ್ಕೆ ಹೋಗುವ ಎಣ್ಣೆಕೊಬ್ಬರಿ ಮಾಡುತ್ತಾರೆ. ನಮ್ಮಲ್ಲಿ ಮಾಡುವುದು ಉಂಡೆಕೊಬ್ಬರಿ. ಚೆನ್ನಾಗಿ ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸಿ ಎಂಟರಿಂದ ಹನ್ನೆರಡು ತಿಂಗಳು ಹಾಗೆಯೇ ಬಿಡಬೇಕು. ಕೆಳಗಿನ ಒಲೆಯ ಹೊಗೆ ಶಾಖಗಳೂ ಅದಕ್ಕೆ ಸಹಾಯವೇ. ಒಳಗಿನ ನೀರು ಮೆಲ್ಲನೆ ಇಂಗುತ್ತದೆ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಗಟ್ಟಿಯಾಗುತ್ತದೆ. ಕಾಯನ್ನು ಎತ್ತಿ ಕುಲುಕಿದರೆ ಒಳಗೆ ಗಿಟುಕು ಆಡುವ ಸದ್ದು ಕೇಳುತ್ತದೆ. ಆಮೇಲೆ ಸುಲಿದು, ಗಿಟುಕಿಗೆ ಪೆಟ್ಟಾಗದಂತೆ ಚಿಪ್ಪು ಒಡೆದು ತೆಗೆದರೆ ಸರಕು ಸಿದ್ಧ. ಅದು ತಿಪಟೂರಿನ ಮಂಡಿಯನ್ನು ಹಾದು ಉತ್ತರದೇಶದ ಹಬ್ಬಗಳಿಗೂ ಮದುವೆಗಳಿಗೂ ಹೋಗುತ್ತದೆ. ಕ್ವಿಂಟಲ್ ಒಂದಕ್ಕೆ ಸುಮಾರು ಏಳೆಂಟು ನೂರು ಕಾಯಿ ಬೇಕು.

ಈ ಕೆಲಸದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಬಂಡವಾಳ ಕಾಲ. ಮಳೆಗೆ ಕೊಳೆಯದೆ, ಬಿಸಿಲಿಗೆ ಬಾಡದೆ ವರ್ಷಗಟ್ಟಲೆ ನಿಲ್ಲುವ ಸಂಪತ್ತು ಅಟ್ಟದ ಮೇಲಿರುವಾಗ ಮನೆಯ ಯಜಮಾನನು ಧಾರಣೆಗೆ ಕಾಯಬಲ್ಲವನಾಗಿದ್ದ. ಮಗಳ ಮದುವೆ, ಬಾವಿಯ ತೋಡು, ಕಂದಾಯದ ಕಂತು ಇವು ಬಂದಾಗ ಮಾತ್ರ ಅಟ್ಟಕ್ಕೆ ಏಣಿ ಹಾಕುತ್ತಿದ್ದರು. ಬ್ಯಾಂಕುಗಳು ಹಳ್ಳಿಗೆ ಬರುವುದಕ್ಕೆ ಮೊದಲೇ ಪ್ರತಿ ಮನೆಯಲ್ಲೂ ಒಂದು ಬ್ಯಾಂಕಿತ್ತೆಂದರೆ ಅತಿಶಯೋಕ್ತಿಯಾಗಲಾರದು.

ಆ ದಿನಗಳ ಮನೆಗೆ ಹಣ ಕೊಟ್ಟು ಕೊಳ್ಳಬೇಕಾದ ಪದಾರ್ಥಗಳೆಷ್ಟು? ಉಪ್ಪು, ಬಟ್ಟೆ, ಕಬ್ಬಿಣ, ಹಿತ್ತಾಳೆ ತಾಮ್ರದ ಪಾತ್ರೆ, ಕೈಗೂಡಿದರೆ ಚಿನ್ನ. ಮಿಕ್ಕದ್ದೆಲ್ಲ ಹೊಲದಿಂದಲೇ ಬರುತ್ತಿತ್ತು: ರಾಗಿ, ಅವರೆ, ತೊಗರಿ, ಹುರುಳಿ; ಅಡುಗೆಯ ಎಣ್ಣೆಗೆ ಹುಚ್ಚೆಳ್ಳು; ದೀಪಕ್ಕೂ ತಲೆಗೂ ಹರಳೆಣ್ಣೆ. ಕಂಬಳಿ ಬೇಕಾದರೆ ಚಿಕ್ಕನಾಯಕನಹಳ್ಳಿಯ ನೇಯ್ಗೆಯವರಿದ್ದರು. ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ಇವರಿಗೆ ಕಣದಲ್ಲೇ ಆಯದ ರಾಗಿ ಅಳೆದುಕೊಡುತ್ತಿದ್ದರು. ಕೆಲಸಕ್ಕೂ ಕಾಳಿಗೂ ಇದ್ದ ಈ ಸಂಬಂಧದ ನಡುವೆ ರೂಪಾಯಿ ತಲೆಹಾಕುತ್ತಿರಲಿಲ್ಲ. ಆದಕಾರಣ ಪೇಟೆಯಲ್ಲಿ ಬೆಲೆ ಏರಿದರೂ ಅದು ಮನೆಯೊಳಗೆ ನುಗ್ಗಲು ಇದ್ದ ಬಾಗಿಲುಗಳು ಎರಡೋ ಮೂರೋ ಮಾತ್ರ. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಬಿಗಿಯಾಗಿತ್ತು, ಬರಗಾಲ ಬಂದರೆ ಕಾಪಾಡುವವರಿರಲಿಲ್ಲ, ಆಯ ಪಡೆಯುವವನಿಗೆ ಬೇರೆ ದಾರಿಯೂ ಇರಲಿಲ್ಲ. ಅದನ್ನು ಸುವರ್ಣಯುಗವೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಬೆಲೆಯೇರಿಕೆಯೆಂಬುದು ಯಾವ ಬಾಗಿಲಿನಿಂದ ಒಳಗೆ ಬಂತೆಂಬುದನ್ನು ತೋರಿಸುವುದಷ್ಟೇ ಇಲ್ಲಿಯ ಕೆಲಸ.

ಮೊದಲ ದೊಡ್ಡ ಬಾಗಿಲು ತೆರೆದದ್ದು ರೈಲು. ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆಗಳ ಮೇಲೆ ಹಾಯುವ ದಾರಿ 1889ರಲ್ಲಿ ಹರಿಹರವನ್ನು ಮುಟ್ಟಿತು. ಅಲ್ಲಿಂದ ಮುಂದೆ ತಿಪಟೂರು ಕೊಬ್ಬರಿಯ ಪೇಟೆಯಾಗಿ ಬೆಳೆಯಿತು. ಕೊಬ್ಬರಿಯನ್ನು ಹೊತ್ತು ಹೋದ ರೈಲು ಬರುವಾಗ ಬರಿದಾಗಿ ಬರಲಿಲ್ಲ. ಸೀಮೆಎಣ್ಣೆ ಬಂತು, ಗಿರಣಿಯ ಬಟ್ಟೆ ಬಂತು, ಬೆಂಕಿಪೆಟ್ಟಿಗೆ ಬಂತು, ಸಕ್ಕರೆ ಬಂತು. ಕಾಫಿ ಬಂದು ಬೆಳಗಿನ ಅಂಬಲಿಯನ್ನು ಹಿಂದಕ್ಕೆ ತಳ್ಳಿತು. ಇವೆಲ್ಲ ಸುಖದ ಪದಾರ್ಥಗಳಾಗಿ ಬಂದು ಕ್ರಮೇಣ ಅಗತ್ಯದ ಪದಾರ್ಥಗಳಾಗಿ ನಿಂತವು. ಮನೆವೆಚ್ಚದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ ಇದು. ಬಿಟ್ಟರೆ ಬಿಡಬಹುದೆಂದು ಒಳಗೆ ಬಿಟ್ಟುಕೊಂಡ ವೆಚ್ಚ ಹತ್ತು ವರ್ಷದಲ್ಲಿ ಮನೆಯ ಅಳಿಯನಂತೆ ಕುಳಿತುಬಿಡುತ್ತದೆ.

1914ರಿಂದ 1918ರವರೆಗಿನ ಯುದ್ಧದಲ್ಲಿ ಬಟ್ಟೆ, ಉಪ್ಪು, ಸೀಮೆಎಣ್ಣೆಗಳ ಬೆಲೆ ಏರಿದಾಗ ಈ ಹೊಸ ಅವಲಂಬನೆಯ ಬಿಸಿ ಮೊದಲ ಬಾರಿಗೆ ತಟ್ಟಿತು. 1929ರ ತರುವಾಯ ಲೋಕವನ್ನೆಲ್ಲ ಹಿಡಿದ ಆರ್ಥಿಕ ಮುಗ್ಗಟ್ಟು ಇದಕ್ಕೆ ಪ್ರತಿಯಾದ ಪಾಠವನ್ನು ಕಲಿಸಿತು. ಆಗ ಬೆಲೆಗಳೆಲ್ಲ ಇಳಿದವು. ಸಂಬಳದಾರನಿಗೆ ಅದು ಒಳ್ಳೆಯ ಕಾಲ. ಹಳೆಯ ತಲೆಮಾರಿನ ಗುಮಾಸ್ತರೂ ಮೇಷ್ಟರುಗಳೂ "ರೂಪಾಯಿಗೆ ಇಷ್ಟು ಸೇರು" ಎಂದು ನೆನೆದು ನಿಟ್ಟುಸಿರಿಟ್ಟದ್ದು ಆ ಕಾಲವನ್ನೇ. ಆದರೆ ತೋಟದವನಿಗೆ ಕಾಯಿ ಕೇಳುವವರಿಲ್ಲ. ಕಂದಾಯ ಮಾತ್ರ ರೂಪಾಯಿಯಲ್ಲಿ ನಿಗದಿಯಾದದ್ದು, ಸಾಲದ ಬಡ್ಡಿಯೂ ಹಾಗೆಯೇ. ಎಲ್ಲವೂ ಅಗ್ಗವಾದ ಕಾಲದಲ್ಲಿ ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಆದುದರಿಂದ ಒಂದೇ ಊರಿನ ಎರಡು ಬೀದಿಗಳಲ್ಲಿ ಆ ದಶಕದ ನೆನಪು ಎರಡು ಬಗೆ.

ಎರಡನೆಯ ಮಹಾಯುದ್ಧ ಮತ್ತೊಂದು ಬಗೆಯದು. 1942ರಲ್ಲಿ ಬರ್ಮಾ ಜಪಾನಿಯರ ವಶವಾದೊಡನೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಮರುವರ್ಷ ಬಂಗಾಳದಲ್ಲಿ ಕ್ಷಾಮ. ಮೈಸೂರು ಸಂಸ್ಥಾನದಲ್ಲೂ ಧಾನ್ಯದ ಲೆವಿ, ಪಡಿತರ, ಸೀಮೆಎಣ್ಣೆ ಬಟ್ಟೆಗಳ ಹತೋಟಿ ಬಂದವು. 'ಕಂಟ್ರೋಲು', 'ರೇಷನ್ನು', 'ಬ್ಲಾಕು' ಎಂಬ ಶಬ್ದಗಳು ಅಕ್ಷರ ಕಲಿಯದವರ ಬಾಯಲ್ಲೂ ನೆಲೆಸಿದ್ದು ಆಗಲೇ. ದುಡ್ಡಿದ್ದರೂ ಪದಾರ್ಥವಿಲ್ಲವೆಂಬ ಹೊಸ ಅನುಭವ ಅದು. ಸಕ್ಕರೆಯ ಬದಲು ಬೆಲ್ಲದ ಕಾಫಿ, ಸೀಮೆಎಣ್ಣೆಯ ಬುಡ್ಡಿಯ ಬದಲು ಮತ್ತೆ ಹರಳೆಣ್ಣೆಯ ಹಣತೆ, ಹಳೆಯ ಸೀರೆಯ ಅಂಚು ಬಿಚ್ಚಿ ಮಕ್ಕಳಿಗೆ ಲಂಗ: ಸಂಸಾರಗಳು ಹಿಂದಿನ ಬಳಕೆಯನ್ನು ಮರೆತಿರಲಿಲ್ಲವಾದ್ದರಿಂದ ಹಿಂದಕ್ಕೆ ಹೋಗಿ ಬದುಕಿಕೊಂಡವು.

ಸ್ವಾತಂತ್ರ್ಯದ ನಂತರ ಲೆಕ್ಕವೇ ಬದಲಾಯಿತು. 1957ರ ಏಪ್ರಿಲ್ 1ರಂದು ಆಣೆ ಪೈಗಳು ಹೋಗಿ ನಯಾಪೈಸೆ ಬಂತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಸೇರು, ಮಣಗಳ ಜಾಗದಲ್ಲಿ ಕಿಲೋಗ್ರಾಮು ಕುಳಿತಿತು. ಆಣೆಗೆ ಆರೂಕಾಲು ಪೈಸೆಯೆಂದು ಲೆಕ್ಕ ಹಾಕಿ, ಚಿಲ್ಲರೆಯನ್ನು ಅಂಗಡಿಯವನು ನುಂಗಿದನೆಂಬ ದೂರು ಪ್ರತಿ ಸಂತೆಯಲ್ಲೂ ಕೇಳುತ್ತಿತ್ತು. 1965–66ರ ಬರದಲ್ಲಿ ಅಮೆರಿಕದ ಗೋಧಿ ನ್ಯಾಯಬೆಲೆ ಅಂಗಡಿಯ ಮೂಲಕ ರಾಗಿಯ ನಾಡಿಗೆ ಬಂತು. 1966ರ ಜೂನ್ 6ರಂದು ರೂಪಾಯಿಯ ಬೆಲೆಯನ್ನು ಇಳಿಸಲಾಯಿತು. 1973ರ ತೈಲದ ಬಿಕ್ಕಟ್ಟಿನ ಬೆನ್ನಿಗೆ, 1974ರಲ್ಲಿ, ದೇಶದಲ್ಲಿ ಬೆಲೆಗಳ ಏರಿಕೆ ಶೇಕಡ 20ನ್ನೂ ಮೀರಿತು. ಇಂಥ ಒಂದೊಂದು ಏರಿಕೆಯೂ ಒಂದೊಂದು ಅಭ್ಯಾಸವನ್ನು ಬಿಟ್ಟುಹೋಯಿತು. ಗೋಧಿಯ ಉಪ್ಪಿಟ್ಟು ಚಪಾತಿಗಳು ನಮ್ಮ ಅಡುಗೆಮನೆಯಲ್ಲಿ ಉಳಿದುಕೊಂಡದ್ದು ಆ ಬರದ ನೆನಪಾಗಿ ಎಂಬುದನ್ನು ಇಂದು ಎಷ್ಟು ಮಂದಿ ಬಲ್ಲರು?

ಇವೆಲ್ಲಕ್ಕಿಂತಲೂ ಗುರುತರವಾದ ಬದಲಾವಣೆ ಸದ್ದಿಲ್ಲದೆ ಹೊಲದಲ್ಲೇ ನಡೆಯುತ್ತಿತ್ತು. ಕೊಳವೆಬಾವಿಗಳು ಬಂದವು, ಗೊರೂರಿನ ಹೇಮಾವತಿಯ ನಾಲೆಯ ನೀರಿನ ಆಸೆ ಬಂತು. ರಾಗಿಯ ಹೊಲಗಳಲ್ಲಿ ತೆಂಗಿನ ಸಸಿ ನೆಟ್ಟರು. ರಾಗಿಗಿಂತ ಕೊಬ್ಬರಿಗೆ ಹೆಚ್ಚು ಹಣ ಬರುವಾಗ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ದಿನದಿಂದ ಮನೆಗೆ ರಾಗಿಯೂ ಅಂಗಡಿಯದೇ ಆಯಿತು, ಅವರೆಯೂ ಅಂಗಡಿಯದೇ ಆಯಿತು. ಹುಚ್ಚೆಳ್ಳು ಹೋಗಿ ಪ್ಯಾಕೆಟ್ಟಿನ ಎಣ್ಣೆ ಬಂತು. ಹಿಂದೆ ಬೆಲೆಯೇರಿಕೆ ನುಗ್ಗಲು ಎರಡು ಮೂರು ಬಾಗಿಲಿದ್ದ ಮನೆಗೆ ಈಗ ಗೋಡೆಯೇ ಇಲ್ಲದಂತಾಯಿತು. 1990ರ ದಶಕದಲ್ಲಿ ಹೊರದೇಶದ ತಾಳೆಎಣ್ಣೆ ಧಾರಾಳವಾಗಿ ಬರಲಾರಂಭಿಸಿ ತೆಂಗಿಗೆ ಪೈಪೋಟಿಯಾಯಿತು. ಆ ದಶಕದ ಕೊನೆಗೆ ನುಸಿರೋಗ ತಗಲಿ ಕಾಯಿ ಕಿರಿದಾಯಿತು. 2012ರ ಮುಂದಿನ ಬರದ ವರ್ಷಗಳಲ್ಲಿ ಕೊಳವೆಬಾವಿ ಬತ್ತಿ ಫಲ ಬಿಡುವ ಮರಗಳೇ ಸುಳಿ ಒಣಗಿ ನಿಂತವು. ಮಾರುವ ಒಂದೇ ಪದಾರ್ಥಕ್ಕೆ ಹೀಗೆ ಪೆಟ್ಟು ಬೀಳುತ್ತಿರಲು, ಕೊಳ್ಳುವ ಪಟ್ಟಿ ಮಾತ್ರ ಬೆಳೆಯುತ್ತಲೇ ಹೋಯಿತು.

ಆ ಪಟ್ಟಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಜರ್ಮನಿಯ ಅರ್ನ್ಸ್ಟ್ ಎಂಗೆಲ್ ಎಂಬ ಅಂಕಿಅಂಶ ಪಂಡಿತ 1857ರಲ್ಲಿಯೇ ಒಂದು ಸೂತ್ರವನ್ನು ಹೇಳಿದ್ದ: ಸಂಸಾರದ ವರಮಾನ ಹೆಚ್ಚಿದಂತೆ ಆಹಾರಕ್ಕೆ ಹೋಗುವ ಪಾಲು ಕಡಿಮೆಯಾಗುತ್ತದೆ. ನಮ್ಮ ದೇಶದ ರಾಷ್ಟ್ರೀಯ ಮಾದರಿ ಸಮೀಕ್ಷೆಗಳು ಇದನ್ನೇ ತೋರಿಸುತ್ತವೆ. 1999–2000ದಲ್ಲಿ ಹಳ್ಳಿಯ ಸಂಸಾರ ನೂರು ರೂಪಾಯಿ ವೆಚ್ಚಮಾಡಿದರೆ ಆಹಾರಕ್ಕೆ 59 ರೂಪಾಯಿಗೂ ಸ್ವಲ್ಪ ಹೆಚ್ಚು ಹೋಗುತ್ತಿತ್ತು. 2022–23ರಲ್ಲಿ ಅದು 46 ರೂಪಾಯಿಗೆ ಇಳಿದಿತ್ತು. ಅಕ್ಕಿ ರಾಗಿ ಗೋಧಿಗಳ ಪಾಲಂತೂ 22 ರೂಪಾಯಿಯಿಂದ 5 ರೂಪಾಯಿಗೆ ಇಳಿಯಿತು. 2013ರ ಜುಲೈಯಲ್ಲಿ ಕರ್ನಾಟಕದಲ್ಲಿ ಆರಂಭವಾದ ಅನ್ನಭಾಗ್ಯದಂಥ ಪಡಿತರದ ಯೋಜನೆಗಳೂ ಇದಕ್ಕೆ ಒಂದು ಕಾರಣ. ಹಸಿವಿನ ಭಯ ಹಿಂದೆ ಸರಿಯಿತೆಂಬುದು ಸಣ್ಣ ಮಾತಲ್ಲ. ಚರಿತ್ರೆ ಬರೆಯುವವನು ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕು.

ಹಾಗಾದರೆ ಉಳಿದ ಹಣ ಎಲ್ಲಿಗೆ ಹೋಯಿತು? ಮಕ್ಕಳ ಶಾಲೆಯ ಶುಲ್ಕ, ಶಾಲೆಯ ವ್ಯಾನು, ಔಷಧ, ದ್ವಿಚಕ್ರ ವಾಹನದ ಪೆಟ್ರೋಲು, ಅಡುಗೆಯ ಅನಿಲ, ಮೊಬೈಲಿನ ರೀಚಾರ್ಜು, ಸಾಲದ ಕಂತು. ಹಿಂದೆ ರೇಡಿಯೋ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದುದನ್ನು ಹಿರಿಯ ಓದುಗರು ಮರೆತಿರಲಾರರು. 1980ರ ದಶಕದಲ್ಲಿ ಆ ಪದ್ಧತಿ ರದ್ದಾಯಿತು. ಈಗಿನ ಮೊಬೈಲಿನ ಹಣ 28 ದಿನಕ್ಕೊಮ್ಮೆ ಕಟ್ಟತಕ್ಕದ್ದು. ಹನ್ನೆರಡು ತಿಂಗಳಿನ ವರ್ಷದಲ್ಲಿ ಹದಿಮೂರು ಕಂತು! ಪಂಚಾಂಗದ ಅಧಿಕಮಾಸ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಈ ಕಂಪನಿಗಳ ಅಧಿಕಮಾಸ ಪ್ರತಿವರ್ಷವೂ ಬರುತ್ತದೆ.

ಈ ಹೊಸ ವೆಚ್ಚಗಳಿಗೆ ಒಂದು ಸಮಾನ ಲಕ್ಷಣವುಂಟು. ಉಪ್ಪು ದುಬಾರಿಯಾದರೆ ಚಿಟಿಕೆ ಕಡಿಮೆ ಮಾಡಬಹುದು, ಬಟ್ಟೆ ದುಬಾರಿಯಾದರೆ ಹರಿದುದನ್ನು ಹೊಲಿದು ಉಡಬಹುದು. ಶಾಲೆಯ ಶುಲ್ಕದಲ್ಲಿ ಚಿಟಿಕೆ ಕಡಿಮೆ ಎಂಬುದಿಲ್ಲ, ಸಾಲದ ಕಂತಿಗೆ ತೇಪೆ ಹಾಕಲಾಗುವುದಿಲ್ಲ. ಆದಕಾರಣ ಬೆಲೆ ಏರಿದಾಗ ಕತ್ತರಿ ಬೀಳುವುದು ಮತ್ತೆ ಅಡುಗೆಮನೆಯ ಮೇಲೆಯೇ. ಎಂಗೆಲ್ ಪಂಡಿತನ ಸೂತ್ರದಂತೆ ಆಹಾರದ ಪಾಲು ಇಳಿದಿರುವಲ್ಲಿ ಸುಖದ ಭಾಗವೆಷ್ಟು, ಸಂಕೋಚದ ಭಾಗವೆಷ್ಟು ಎಂಬುದನ್ನು ಆ ಮನೆಯ ಗೃಹಿಣಿಯೇ ಹೇಳಬೇಕು. ಹಾಲು ಕೊಳ್ಳುವ ಮನೆಯಲ್ಲಿ 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು. ಅದೇ ವರ್ಷ ಕಾಫಿಪುಡಿಯೂ ಏರಿತು. ಮಧ್ಯಾಹ್ನದ ಕಾಫಿ ಎಷ್ಟೋ ಮನೆಗಳಲ್ಲಿ ಅತಿಥಿ ಬಂದಾಗಿನ ಕಾಫಿಯಾಯಿತು.

ಉರುವಲಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ತೆಂಗಿನ ಸೀಮೆಯವರಿಗೆ ಉರುವಲು ಕೊಳ್ಳುವುದೆಂದರೇನೆಂದೇ ತಿಳಿದಿರಲಿಲ್ಲ. ಸೋಗೆ, ಮಟ್ಟೆ, ಸಿಪ್ಪೆ, ಚಿಪ್ಪು ಎಲ್ಲವೂ ಒಲೆಗೆ. ಅನಿಲದ ಸಿಲಿಂಡರು ಹೊಗೆಯಿಂದ ಹೆಂಗಸರ ಕಣ್ಣನ್ನು ಕಾಪಾಡಿತು. ಆ ಉಪಕಾರವನ್ನು ಮರೆಯಲಾಗದು. ಆದರೆ ಸಿಲಿಂಡರಿನ ಬೆಲೆ 2022ರಲ್ಲಿ ಸಾವಿರ ರೂಪಾಯಿಯನ್ನು ದಾಟಿದಾಗ, ಸ್ನಾನದ ಹಂಡೆಗೆ ಮಟ್ಟೆ, ಅನ್ನ ಸಾರಿಗೆ ಅನಿಲ ಎಂಬ ವಿಭಾಗ ಗಟ್ಟಿಯಾಯಿತು. ಅಷ್ಟರಲ್ಲಿ ಸಿಪ್ಪೆಯನ್ನು ನಾರಿನ ಕಾರ್ಖಾನೆಯವರೂ ಚಿಪ್ಪನ್ನು ಇದ್ದಿಲಿನ ವ್ಯಾಪಾರಿಗಳೂ ಕೊಳ್ಳಲು ಬಂದರು. ಈಗ ಚಿಪ್ಪನ್ನು ಒಲೆಗೆ ಹಾಕುವ ಮೊದಲು, ಇದನ್ನು ಸುಟ್ಟರೆ ಲಾಭವೋ ಮಾರಿದರೆ ಲಾಭವೋ ಎಂದು ಯೋಚಿಸಬೇಕಾಗಿದೆ. ಬಿಟ್ಟಿಯಾಗಿದ್ದ ಪದಾರ್ಥಗಳೆಲ್ಲ ಒಂದೊಂದಾಗಿ ಬೆಲೆಯ ಪಟ್ಟಿಗೆ ಸೇರಿದವು.

ಇನ್ನು ಅಟ್ಟದ ವಿಚಾರ. ವರಮಾನ ವರ್ಷಕ್ಕೊಮ್ಮೆಯಾದರೂ ವೆಚ್ಚ ತಿಂಗಳಿಗೊಮ್ಮೆ, ಸಾಲದ ಸಂಘದ ಕಂತಂತೂ ವಾರಕ್ಕೊಮ್ಮೆ. ಲೆಕ್ಕ ಹಾಕಿ ನೋಡಿ. 2022–23ರ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಬ್ಬನ ತಿಂಗಳ ವೆಚ್ಚದ ಸರಾಸರಿ 3,773 ರೂಪಾಯಿ. ನಾಲ್ವರ ಸಂಸಾರಕ್ಕೆ ವರ್ಷಕ್ಕೆ 1,81,104 ರೂಪಾಯಿ ಬೇಕು. ವರ್ಷಕ್ಕೆ ಹತ್ತು ಕ್ವಿಂಟಲ್ ಕೊಬ್ಬರಿ ಮಾಡುವ ಮನೆಯನ್ನು ತೆಗೆದುಕೊಳ್ಳೋಣ. 2023ರಲ್ಲಿ ತಿಪಟೂರಿನ ಪೇಟೆಯಲ್ಲಿ ಧಾರಣೆ ಕ್ವಿಂಟಲಿಗೆ 8,000 ರೂಪಾಯಿಯ ಆಸುಪಾಸಿಗೆ ಕುಸಿದಿತ್ತು. ಕೈಗೆ ಬಂದದ್ದು 80,000. ಬೇಕಾದದ್ದರ ಅರ್ಧಕ್ಕಿಂತಲೂ ಕಡಿಮೆ. ಅದರಲ್ಲೂ ಕಾಯಿ ಕೀಳುವ, ಸುಲಿಯುವ ಕೂಲಿಯನ್ನು ಕಳೆಯಬೇಕು. ಆ ವರ್ಷ ಕೇಂದ್ರ ಸರ್ಕಾರದ ಬೆಂಬಲ ಬೆಲೆ 11,750 ರೂಪಾಯಿ. ನಾಫೆಡ್ ಖರೀದಿಗೆ ನೋಂದಾಯಿಸಿಕೊಳ್ಳಲು ರೈತರು ಸಾಲುಗಟ್ಟಿ ನಿಂತರು, ತಿಪಟೂರಿನಲ್ಲಿ ಧರಣಿ ನಡೆಸಿದರು. 2024ರಲ್ಲಿ ಬೆಂಬಲ ಬೆಲೆ 12,000 ಆಯಿತು. ಅದರ ಮೇಲೆ ರಾಜ್ಯ ಸರ್ಕಾರ 1,500 ರೂಪಾಯಿ ಸೇರಿಸಿತು.

ಇಂಥ ವರ್ಷದಲ್ಲಿ ಹತ್ತು ತಿಂಗಳು ಕಾಯುವವರು ಯಾರು? ಶಾಲೆಯ ಶುಲ್ಕ ಜೂನಿನಲ್ಲಿ ಕಟ್ಟಬೇಕು, ಗಿಟುಕು ಆಡುವುದು ಮುಂದಿನ ಫಾಲ್ಗುಣಕ್ಕೆ. ಆದ್ದರಿಂದ ಬಹಳ ಮಂದಿ ಕಾಯನ್ನು ಅಟ್ಟಕ್ಕೆ ಏರಿಸದೆ ಹಸಿಕಾಯಾಗಿಯೇ ಮಾರಿದರು. ಇನ್ನು ಕೆಲವರು ಬಲಿಯುವುದಕ್ಕೂ ಬಿಡದೆ ಎಳನೀರಿನ ಗಾಡಿಗೆ ಹಾಕಿದರು. ಎಳನೀರಿನವನು ತೋಟಕ್ಕೇ ಬರುತ್ತಾನೆ, ತಾನೇ ಕೀಳಿಸುತ್ತಾನೆ, ಹಣವನ್ನು ಕೈಯಲ್ಲಿಟ್ಟು ಹೋಗುತ್ತಾನೆ. ಅಟ್ಟದ ಇಲಿಯ ಕಾಟವಿಲ್ಲ, ಸುಲಿಯುವ ಆಳಿನ ಕಾಟವಿಲ್ಲ. ಒಂದೊಂದು ಮನೆಯ ಮಟ್ಟಿಗೆ ನೋಡಿದರೆ ಇದು ಬುದ್ಧಿವಂತಿಕೆಯೇ.

ಆದರೆ ಮನೆಮನೆಯ ಬುದ್ಧಿವಂತಿಕೆ ಒಟ್ಟುಗೂಡಿದಾಗ ಏನಾಯಿತೆಂಬುದನ್ನು 2025 ತೋರಿಸಿತು. ರೋಗ ಮತ್ತು ಬಿಸಿಲಿನಿಂದ ಇಳುವರಿ ಕುಗ್ಗಿತ್ತು. ಇದ್ದ ಕಾಯಿ ಎಳನೀರಾಗಿ, ಹಸಿಕಾಯಾಗಿ ಹೋಗಿತ್ತು. ಅಟ್ಟಗಳು ಬರಿದಾಗಿದ್ದವು. ಕೊಬ್ಬರಿಯ ಧಾರಣೆ ವರ್ಷದ ಮಧ್ಯಕ್ಕೆ ಕ್ವಿಂಟಲಿಗೆ 20,000 ರೂಪಾಯಿಯನ್ನು ದಾಟಿ ದಾಖಲೆ ಮಾಡಿತು. ಹತ್ತು ಕ್ವಿಂಟಲ್ ಅಟ್ಟದಲ್ಲಿಟ್ಟುಕೊಂಡಿದ್ದವನಿಗೆ ಎರಡು ಲಕ್ಷಕ್ಕೂ ಮಿಗಿಲು ಬಂತು. ಅವನು ಯಾರು? ಮನೆಯಲ್ಲಿ ಒಬ್ಬರಿಗೆ ಸಂಬಳ ಬರುವವನು, ಅಥವಾ ಹಾಲಿನ ಡೈರಿಯ ಹಣದಲ್ಲಿ ತಿಂಗಳು ದೂಡುವವನು, ಒಟ್ಟಿನಲ್ಲಿ ಕಾಯುವ ಶಕ್ತಿಯುಳ್ಳವನು. ಹಿಂದಿನ ವರ್ಷ ಕಂತಿಗಾಗಿ ಹಸಿಕಾಯಿ ಮಾರಿದವನು ರೇಡಿಯೋದಲ್ಲಿ ಪೇಟೆಧಾರಣೆಯನ್ನು ಕೇಳಿ ಸುಮ್ಮನಾಗಬೇಕಾಯಿತು. ಮೊದಲು ಬಡವನಿಗೂ ಬಲ್ಲಿದನಿಗೂ ಅಟ್ಟದ ಎತ್ತರದಲ್ಲಿ ವ್ಯತ್ಯಾಸವಿತ್ತೇ ಹೊರತು, ಕಾಯಬಹುದಾದ ತಿಂಗಳುಗಳಲ್ಲಿ ಅಷ್ಟು ವ್ಯತ್ಯಾಸವಿರಲಿಲ್ಲ. ಏರಿದ ಜೀವನವೆಚ್ಚವು ಈ ಸೀಮೆಯ ಬಡ ತೋಟಗಾರನಿಂದ ಕಿತ್ತುಕೊಂಡ ಅತಿ ದೊಡ್ಡ ವಸ್ತು ಯಾವುದೆಂದರೆ ಈ ಕಾಯುವ ಶಕ್ತಿಯೇ ಎಂದು ನನ್ನ ಅಭಿಪ್ರಾಯ.

ಪೇಟೆಯ ಮನೆಗಳಲ್ಲಿ ಇದರ ಪರಿಣಾಮ ಬೇರೆ ಬಗೆಯದು. ಚಟ್ನಿಯಲ್ಲಿ ಕಾಯಿ ಕಡಿಮೆಯಾಗಿ ಹುರಿಗಡಲೆ, ಕಡಲೆಕಾಯಿಬೀಜಗಳು ಹೆಚ್ಚಾದವು. ಒಬ್ಬಟ್ಟು ಕಾಯಿಯದಾಗದೆ ಬೇಳೆಯದಾಯಿತು. ಮದುವೆಯ ಮನೆಯಲ್ಲಿ ಬಂದವರಿಗೆಲ್ಲ ತಾಂಬೂಲದೊಡನೆ ಕೊಡುವ ತೆಂಗಿನಕಾಯಿಯ ಜಾಗಕ್ಕೆ ಕೆಲವರು ಸಿಹಿಯ ಪೊಟ್ಟಣವನ್ನು ತಂದರು. ದೇವರಿಗೆ ಒಡೆಯುವ ಈಡುಗಾಯಿಯ ಹರಕೆಯಲ್ಲಿಯೂ ಸಂಖ್ಯೆ ಇಳಿಯಿತು. ಮಡಿಲು ತುಂಬುವ ಗಿಟುಕು ಮಾತ್ರ ತಪ್ಪಲಿಲ್ಲ. ಎರಡಿದ್ದಲ್ಲಿ ಒಂದಾಗಿರಬಹುದು, ಅಷ್ಟೆ. ಜನರು ಊಟದಲ್ಲಿ ಕಡಿತ ಮಾಡಿಕೊಂಡಷ್ಟು ಸುಲಭವಾಗಿ ಶಾಸ್ತ್ರದಲ್ಲಿ ಮಾಡಿಕೊಳ್ಳುವುದಿಲ್ಲವೆಂಬುದು ಯುದ್ಧಕಾಲದ ಕಂಟ್ರೋಲಿನಲ್ಲೂ ಕಂಡ ಮಾತು.

ಈ ಭಾರವನ್ನೆಲ್ಲ ಹೊತ್ತು ಸರಿದೂಗಿಸುವವಳು ಗೃಹಿಣಿ. ಸಾಸಿವೆ ಡಬ್ಬಿಯ ತಳದಲ್ಲಿ ಅವಳು ಕೂಡಿಟ್ಟ ಹಣ ಎಷ್ಟು ಮನೆಗಳ ಮಾನ ಕಾಪಾಡಿದೆಯೋ ಲೆಕ್ಕವಿಲ್ಲ. 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳು ಆ ಡಬ್ಬಿಗೆ ಒಂದು ಪಾಸ್‌ಪುಸ್ತಕವನ್ನು ಕೊಟ್ಟವು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲವಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಬಂತು. ಇವುಗಳ ಒಳಿತು ಕೆಡುಕುಗಳನ್ನು ರಾಜಕೀಯದವರು ಚರ್ಚಿಸಲಿ. ತಿಂಗಳ ಕೊನೆಯ ವಾರದಲ್ಲಿ ಔಷಧದಂಗಡಿಗೆ ಹೋಗುವ ಕೈಗೆ ಅದರ ಬೆಲೆ ಗೊತ್ತು. ಇನ್ನೊಂದು ಕಡೆ, ಬಾಗಿಲಿಗೇ ಬಂದು ಸಾಲ ಕೊಡುವ ಕಂಪನಿಗಳ ವಾರದ ಕಂತು ಎಷ್ಟೋ ಹೆಂಗಸರನ್ನು ಹಣ್ಣುಮಾಡಿತು. ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಹಿಂದೆ ಮದುವೆಗೋ ಬಾವಿಗೋ ಸಾಲ ಮಾಡುತ್ತಿದ್ದರು. ದಿನಸಿಗೂ ಶುಲ್ಕಕ್ಕೂ ಸಾಲ ಮಾಡುವುದು ಹೊಸ ಪದ್ಧತಿ. ಬಾವಿಯ ಸಾಲವನ್ನು ಬಾವಿಯೇ ತೀರಿಸೀತು. ತಿಂದ ಅನ್ನದ ಸಾಲವನ್ನು ತೀರಿಸಲು ಮತ್ತೊಂದು ಸಾಲವೇ ಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಉಪದೇಶ ಮಾಡಿ ಈ ಲೇಖನವನ್ನು ಮುಗಿಸುವುದು ಸುಲಭ. ಆದರೆ ಹಾಸಿಗೆಯೇ ವರ್ಷವರ್ಷಕ್ಕೆ ಹಿಗ್ಗಿ ಕುಗ್ಗುವ ಸೀಮೆಯಲ್ಲಿ ಆ ಗಾದೆಯೊಂದೇ ಸಾಲದು. ದೇಶದ ಗ್ರಾಹಕ ಬೆಲೆ ಸೂಚ್ಯಂಕವು 2012ರಲ್ಲಿ 100 ಇದ್ದದ್ದು 2024ರ ಹೊತ್ತಿಗೆ 190ನ್ನು ಮೀರಿತು. ಉಂಡೆಕೊಬ್ಬರಿಯ ಬೆಂಬಲ ಬೆಲೆ 2014ರಲ್ಲಿ 5,500 ಇದ್ದದ್ದು 2025ಕ್ಕೆ 12,100 ಆಯಿತು. ಕಾಗದದ ಮೇಲೆ ಎರಡೂ ಹೆಚ್ಚುಕಡಿಮೆ ಜೊತೆಗೆ ನಡೆದಿವೆ. ಪೇಟೆಯ ಧಾರಣೆ ಮಾತ್ರ ಎರಡು ವರ್ಷದೊಳಗೆ ಎಂಟು ಸಾವಿರದಿಂದ ಇಪ್ಪತ್ತು ಸಾವಿರದ ಆಚೆಗೆ ಹಾರಿತು. ಸಂಸಾರವನ್ನು ಕಂಗೆಡಿಸುವುದು ಏರಿದ ಬೆಲೆಗಿಂತಲೂ ಹೆಚ್ಚಾಗಿ ಈ ಉಯ್ಯಾಲೆ.

ಉಯ್ಯಾಲೆಯಲ್ಲಿ ಕುಳಿತವನಿಗೆ ಕೈಹಿಡಿಯಲು ಏನಾದರೂ ಬೇಕು. ಹಳೆಯವರು ಅದಕ್ಕೆ ಎರಡು ಹಿಡಿಗಳನ್ನು ಇಟ್ಟುಕೊಂಡಿದ್ದರು: ತೋಟದ ಅಂಚಿನಲ್ಲಿ ತಿನ್ನುವಷ್ಟು ರಾಗಿ ಅವರೆ, ಅಟ್ಟದ ಮೇಲೆ ಒಂದು ವರ್ಷದ ಕಾಯಿ. ಮೊದಲನೆಯದನ್ನು ಮನೆಯವರು ತಾವೇ ಹಿಂದಕ್ಕೆ ತರಬಹುದು. ಎಳೆಯ ತೋಟದ ಸಾಲುಗಳ ನಡುವೆ ನೆಲವಿದೆ. ಎರಡನೆಯದಕ್ಕೆ ಸಹಕಾರಿ ಸಂಘಗಳ ನೆರವು ಬೇಕು. ಅಟ್ಟದಲ್ಲಿರುವ ಕಾಯಿಯ ಆಧಾರದ ಮೇಲೆ ಶಾಲೆಯ ಶುಲ್ಕದ ಕಾಲಕ್ಕೆ ಕಡಿಮೆ ಬಡ್ಡಿಯ ಮುಂಗಡ ದೊರೆತರೆ, ಕಾಯಿ ಅಟ್ಟದಲ್ಲೇ ಉಳಿಯುತ್ತದೆ. ಮಂಡಿಯವರ ಮುಂಗಡ ಹಿಂದಿನಿಂದಲೂ ಇದೆ. ಆದರೆ ಅದನ್ನು ಪಡೆದವನು ಕೊಟ್ಟವನ ಬಾಗಿಲಿಗೇ ಸರಕನ್ನು ಒಯ್ಯಬೇಕೆಂಬ ಕಟ್ಟು ಅದರೊಡನೆ ಬರುತ್ತದೆ.

ಪೇಟೆಯ ಓದುಗರಲ್ಲಿ ಒಂದು ವಿಜ್ಞಾಪನೆಯನ್ನು ಮಾಡಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿಯರ ಕಾಲದ ಜಮಾಖರ್ಚಿನ ಪುಸ್ತಕಗಳಿದ್ದರೆ ದಯವಿಟ್ಟು ರದ್ದಿಯವನಿಗೆ ಹಾಕಬೇಡಿ. ಯಾವ ವರ್ಷ ಕಾಫಿಪುಡಿ ಮೊದಲ ಸಲ ಪಟ್ಟಿಗೆ ಬಂತು, ಯಾವ ವರ್ಷ ಹುಚ್ಚೆಳ್ಳೆಣ್ಣೆ ನಿಂತಿತು, ಯಾವ ವರ್ಷ ರಾಗಿ ಕೊಳ್ಳತೊಡಗಿದಿರಿ ಎಂಬುದು ಅಲ್ಲಿ ಉಂಟು. ಅದನ್ನು ಮಕ್ಕಳ ಮುಂದಿಟ್ಟುಕೊಂಡು ಒಂದು ಸಂಜೆ ಓದಿ, ಪಕ್ಕದಲ್ಲಿ ಈ ತಿಂಗಳ ಲೆಕ್ಕವನ್ನೂ ಬರೆದಿಡಿ.